ಇಆರ್4 ಎಸ್‌ಆರ್, ಇಆರ್4 ಎಕ್ಸ್‌ಆರ್: ಮೂರು ವರ್ಷ ಎರಡನ್ನೂ ಕೇಳಿದ ಮೇಲೆ

ಎಟಿಮೋಟಿಕ್ ಸಂಸ್ಥೆ 2016ರಲ್ಲಿ ಹೊರತಂದ ಈ ಎರಡು ಇಯರ್‌ಫೋನ್‌ಗಳು ಮೂರು ವರ್ಷಗಳಿಂದ ನನ್ನ ಬಳಿ ಇವೆ. ನೋಡಲು ಅವಳಿಗಳಂತಿದ್ದು, ಎಕ್ಸ್‌ಆರ್‌ನಲ್ಲಿ ಬಾಸ್ (ತಗ್ಗು ಸ್ವರಗಳ ಸದ್ದು) ತುಸು ಹೆಚ್ಚು ಎಂಬುದೇ ಇವೆರಡರ ಮುಖ್ಯ ವ್ಯತ್ಯಾಸ. ನಾನು ಕೇಳುವುದು ಬಹುಪಾಲು ಕರ್ನಾಟಕ ಸಂಗೀತ. ಅದೂ ಮನೆಯವರೆಲ್ಲ ಮಲಗಿದ ಮೇಲೆ, ಸಣ್ಣ ದನಿಯಲ್ಲಿ.

ಇವನ್ನು ಕಿವಿಗೆ ಹಾಕಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಕಿವಿಯೊಳಗೆ ಕೂರುವ ಮೂರು ಸುತ್ತಿನ ಮೆತ್ತನೆಯ ತುದಿಯನ್ನು, ಅಂದರೆ ಟಿಪ್ಪನ್ನು, ನೀರಿನಲ್ಲಿ ಕೊಂಚ ಒದ್ದೆ ಮಾಡಿ, ಎಡಗೈಯನ್ನು ತಲೆಯ ಮೇಲಿನಿಂದ ತಂದು ಬಲಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಮೆಲ್ಲನೆ ತಿರುಗಿಸುತ್ತ ಒಳಗೆ ಕೂರಿಸಬೇಕು. ಸರಿಯಾಗಿ ಕೂತ ಕ್ಷಣದಲ್ಲಿ ಫ್ಯಾನಿನ ಸದ್ದು ನಿಂತುಹೋಗುತ್ತದೆ. ಆ ನಿಶ್ಶಬ್ದಕ್ಕಾಗಿಯೇ ನಾನು ಎಷ್ಟೋ ರಾತ್ರಿ ಹಾಡು ಹಚ್ಚುವುದನ್ನು ಒಂದು ನಿಮಿಷ ತಡಮಾಡಿದ್ದೇನೆ.

ಮೊದಲ ಎರಡು ತಿಂಗಳು ಎಸ್‌ಆರ್ ನನಗೆ ಒಣಕಲೆನಿಸಿತ್ತು. ಮೃದಂಗದ ತೊಪ್ಪಿಯ (ಎಡಬದಿಯ ತಗ್ಗುದನಿಯ ಮುಖ) ನಾದವೇ ಇಲ್ಲವೆಂದು ಬೇಸರಪಟ್ಟು ಅದನ್ನು ಮಾರಲೂ ಯೋಚಿಸಿದ್ದೆ. ತಪ್ಪು ನನ್ನದಾಗಿತ್ತು. ಎಸ್‌ಆರ್‌ಗೆ ನಾನು ಹಾಕಿದ್ದ ಟಿಪ್ ನನ್ನ ಕಿವಿಗೆ ಸಣ್ಣದಾಗಿ ಗಾಳಿ ಸೋರುತ್ತಿತ್ತು, ಸೋರಿದರೆ ಮೊದಲು ಹೋಗುವುದು ಬಾಸ್. ಎರಡಕ್ಕೂ ಒಂದೇ ಅಳತೆಯ ಟಿಪ್ ಹಾಕಿ, ದನಿಯ ಮಟ್ಟವನ್ನೂ ಸಮ ಮಾಡಿಕೊಂಡು ಮತ್ತೆ ಕೇಳಿದಾಗ ತೊಪ್ಪಿಯ ಗುಮ್ಕಿ ಎಂಬ ಗಂಭೀರ ನಾದ ಎಸ್‌ಆರ್‌ನಲ್ಲಿಯೂ ಸ್ಪಷ್ಟವಾಗಿ ಕೇಳಿಸಿತು.

ನಿಜವಾದ ವ್ಯತ್ಯಾಸ ತಿಳಿದದ್ದು ತಂಬೂರಿಯಲ್ಲಿ. ಸಿ ಶ್ರುತಿಯ ಗಂಡುದನಿಗೆ ಹೊಂದಿಸಿದ ತಂಬೂರಿಯ ಮಂದ್ರ ಷಡ್ಜ, ಅಂದರೆ ಕೆಳಗಿನ ಸ್ಥಾಯಿಯ ಸ, ಸುಮಾರು 65 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಎಸ್‌ಆರ್‌ನಲ್ಲಿ ಆ ತಂತಿ ಮೀಟಿದಾಗ ಮೊದಲು ಕಿವಿಗೆ ಬರುವುದು ಜೀವಾಳಿಯ (ತಂತಿಯ ಕೆಳಗೆ ಇಡುವ ನೂಲಿನ) ಝೇಂಕಾರ, ಅದರೊಳಗಿನಿಂದ ಒಂದೊಂದಾಗಿ ಬಿಚ್ಚಿಕೊಳ್ಳುವ ಸ್ವಯಂಭೂ ಸ್ವರಗಳು, ಅಂದರೆ ತಂತಿಯಿಂದ ತಾವಾಗಿಯೇ ಹುಟ್ಟುವ ಮೇಲಿನ ಸ್ವರಗಳು. ಎಕ್ಸ್‌ಆರ್‌ನಲ್ಲಿ ಅದೇ ಮೀಟು ತಂಬೂರಿಯ ಬುರುಡೆಯ ಸಮೇತ ಕೇಳಿಸುತ್ತದೆ. ನಾದ ಅಲ್ಲಿ ತುಂಬಿಕೊಂಡಿದೆ, ಆದರೂ ಗಾಯಕನ ದನಿಯನ್ನು ಮುಚ್ಚುವುದಿಲ್ಲ.

ದನಿ ಕಡಿಮೆಯಾದಷ್ಟೂ ನಮ್ಮ ಕಿವಿ ಮಂದ್ರವನ್ನು ಇನ್ನೂ ಕಡಿಮೆ ಗ್ರಹಿಸುತ್ತದೆ ಎಂಬುದನ್ನು 1933ರಷ್ಟು ಹಿಂದೆಯೇ ಅಮೆರಿಕದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದರು. ನನ್ನಂತೆ ಸಣ್ಣ ದನಿಯಲ್ಲಿ ಕೇಳುವವರಿಗೆ ಎಕ್ಸ್‌ಆರ್‌ನ ಹೆಚ್ಚುವರಿ ಬಾಸ್ ಹೀಗೆ ಕಳೆದುಹೋದದ್ದನ್ನು ತುಂಬಿಕೊಡುತ್ತದೆ. ಹಗಲಿನಲ್ಲಿ ದನಿ ಏರಿಸಿ ಕೇಳಿದರೆ ಅದೇ ಬಾಸ್ ನನಗೆ ಸ್ವಲ್ಪ ದಪ್ಪವೆನಿಸುತ್ತದೆ. ಆಗ ಎಸ್‌ಆರ್ ಸರಿಯಾಗಿ ಕೂಡುತ್ತದೆ.

ಕಿವಿಯ ಕೊಳೆ ತಡೆಯುವ ಪುಟ್ಟ ಫಿಲ್ಟರ್‌ಗಳನ್ನು ಆಗಾಗ ಬದಲಿಸಬೇಕಾದ್ದರಿಂದ ಅವುಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಮ್ಮೆ ಆನ್‌ಲೈನ್ ಮಾರಾಟಗಾರರೊಬ್ಬರು ಬೇರೆ ಅಳತೆಯದನ್ನು ಕಳಿಸಿ, ಹಿಂದಕ್ಕೆ ಪಡೆಯಲೂ ಒಪ್ಪದೆ ಐದು ವಾರ ಸತಾಯಿಸಿದ್ದರು. ಹಳೆಯ ಫಿಲ್ಟರ್ ಕೊಳೆಯಿಂದ ಕಟ್ಟಿಕೊಂಡಿದ್ದರಿಂದ ಆ ಐದು ವಾರ ಬಲಗಿವಿಯಲ್ಲಿ ಪಿಟೀಲಿನ ತಾರಸ್ಥಾಯಿ ಮಂಕಾಗಿಯೇ ಉಳಿದಿತ್ತು.

ಒಂದನ್ನೇ ಕೊಳ್ಳುವಷ್ಟು ಹಣವಿದ್ದಿದ್ದರೆ ನಾನು ಎಕ್ಸ್‌ಆರ್ ಕೊಳ್ಳುತ್ತಿದ್ದೆ. ಈಗ ಅದು ದಿಂಬಿನ ಪಕ್ಕದಲ್ಲಿರುತ್ತದೆ. ಎಸ್‌ಆರ್ ಮೇಜಿನ ಮೇಲಿದೆ. ಭಾನುವಾರ ಬೆಳಿಗ್ಗೆ ಮಗಳ ವೀಣೆಯ ಧ್ವನಿಮುದ್ರಣದಲ್ಲಿ ಯಾವ ಗಮಕ ಶ್ರುತಿಯಿಂದ ಕೂದಲೆಳೆಯಷ್ಟು ಜಾರಿದೆ ಎಂದು ನಾವಿಬ್ಬರೂ ಹುಡುಕುವುದು ಅದರಲ್ಲೇ.