ಶೆವರ್ಲೆ ಟಾಹೊ ಸೆಕೆಂಡ್ ಹ್ಯಾಂಡ್: ಯಾವುದು ಗಟ್ಟಿ, ಯಾವುದು ಕೈಕೊಡುತ್ತದೆ

ಅಮೆರಿಕದಲ್ಲಿ ಶೆವರ್ಲೆಯ ದೊಡ್ಡ ಎಸ್‌ಯುವಿ ಟಾಹೊವನ್ನು ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ಹೆಚ್ಚಾಗಿ ಸಿಗುವುದು 2007–14 ಮತ್ತು 2015–20ರ ಮಾಡೆಲ್‌ಗಳು. ಎರಡರಲ್ಲೂ ಚಾಸಿ ಗಟ್ಟಿ. 5.3 ಲೀಟರ್ ವಿ8 ಎಂಜಿನ್ನಿನ ಬ್ಲಾಕ್, ಕ್ರ್ಯಾಂಕ್ ಎರಡು ಲಕ್ಷ ಮೈಲಿ ದಾಟಿಯೂ ತೊಂದರೆ ಕೊಡದೆ ಓಡುತ್ತವೆ. ಜೇಬಿಗೆ ಕತ್ತರಿ ಹಾಕುವುದು ಪೆಟ್ರೋಲ್ ಉಳಿಸಲೆಂದು ಆ ಎಂಜಿನ್ನಿಗೆ ಸೇರಿಸಿದ ಎಎಫ್‌ಎಂ (ಆಕ್ಟಿವ್ ಫ್ಯುಯೆಲ್ ಮ್ಯಾನೇಜ್‌ಮೆಂಟ್) ವ್ಯವಸ್ಥೆ.

ಹೈವೇಯಲ್ಲಿ ಹಗುರವಾಗಿ ಓಡುವಾಗ ಇದು 1, 4, 6, 7ನೇ ಸಿಲಿಂಡರ್‌ಗಳನ್ನು ನಿಲ್ಲಿಸುತ್ತದೆ. ಆಯಿಲ್ ಪ್ರೆಶರ್, ವಾಲ್ವ್ ತೆರೆಸುವ ಬಿಡಿಭಾಗವಾದ ಲಿಫ್ಟರ್‌ನ ಒಳಗಿರುವ ಪುಟ್ಟ ಲಾಕ್ ಪಿನ್ನನ್ನು ಒಳಕ್ಕೆ ತಳ್ಳಿದರೆ ಲಿಫ್ಟರ್ ಕುಗ್ಗುತ್ತದೆ, ವಾಲ್ವ್ ತೆರೆಯುವುದಿಲ್ಲ. ಆಯಿಲ್ ಕೊಳೆಯಾಗಿದ್ದರೆ ಪಿನ್ ಸಿಕ್ಕಿಕೊಂಡು ಲಿಫ್ಟರ್ ಕುಗ್ಗಿದಂತೆಯೇ ಉಳಿಯುತ್ತದೆ. ಆಗ ಟಕ್ ಟಕ್ ಸದ್ದು, ಜೊತೆಗೆ ಪಿ0301, 0304, 0306, 0307ರಲ್ಲಿ ಒಂದು ಮಿಸ್‌ಫೈರ್ ಕೋಡ್. ಹಾಗೆಯೇ ಓಡಿಸುತ್ತ ಹೋದರೆ ಲಿಫ್ಟರ್‌ಗಳನ್ನು ಎತ್ತುವ ಕ್ಯಾಮ್‌ಶಾಫ್ಟ್ ಕೂಡ ಸವೆದು ಹಾಳಾಗುತ್ತದೆ. ಲಿಫ್ಟರ್‌ಗೆ ಕೈ ಎಟುಕಬೇಕಾದರೆ ಸಿಲಿಂಡರ್ ಹೆಡ್ ಬಿಚ್ಚಲೇಬೇಕು, ಅದಕ್ಕೇ ಬಿಲ್ ಸುಮಾರು 3,000 ಡಾಲರ್‌ಗೆ ಏರುವುದು. ಕ್ಯಾಮ್ ಸೇರಿದರೆ ಇನ್ನೂ ಹೆಚ್ಚು. ಹೆಡ್ ಬಿಚ್ಚಿದ ಮೇಲೆ ಕೆಟ್ಟದ್ದೊಂದನ್ನೇ ಬದಲಾಯಿಸಿ ಮುಚ್ಚುವುದು ದಂಡ. ಹದಿನಾರೂ ಲಿಫ್ಟರ್ ಮತ್ತು ಅವುಗಳನ್ನು ಹಿಡಿದಿಡುವ ಟ್ರೇ ಹೊಸದಾಗಿ ಹಾಕಿಸಿ.

ಟಕ್ ಟಕ್ ಅಂದಾಕ್ಷಣ ಹೆದರುವುದೂ ಬೇಡ. ಎಂಜಿನ್ನಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ತುದಿಯ ಬೋಲ್ಟ್ ಮುರಿದಿದ್ದರೂ ಇಂಥದೇ ಸದ್ದು ಬರುತ್ತದೆ. ವ್ಯತ್ಯಾಸವಿಷ್ಟೇ: ಎಂಜಿನ್ ಕಾದ ಮೇಲೆ ಲೋಹ ಹಿಗ್ಗಿ ಸಂದು ಮುಚ್ಚುವುದರಿಂದ ಬೋಲ್ಟ್‌ನ ಸದ್ದು ಸಾಮಾನ್ಯವಾಗಿ ಅಡಗುತ್ತದೆ, ಕೆಟ್ಟ ಲಿಫ್ಟರ್‌ನದು ಉಳಿಯುತ್ತದೆ. ಆದ್ದರಿಂದ ಗಾಡಿ ನೋಡಲು ಹೋದಾಗ ಎಂಜಿನ್ ತಣ್ಣಗಿರಲಿ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ.

ಸ್ಟೀರಿಂಗ್ ಕೆಳಗಿನ ಓಬಿಡಿ (ದೋಷ ಪತ್ತೆಯ) ಪೋರ್ಟ್‌ಗೆ ಚುಚ್ಚಿ ಎಎಫ್‌ಎಂ ನಿಲ್ಲಿಸುವ ಡಿಸೇಬ್ಲರ್ ಸುಮಾರು 200 ಡಾಲರ್. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಆದರೂ ಲಿಫ್ಟರ್ ಇನ್ನೂ ಚೆನ್ನಾಗಿರುವ ಗಾಡಿಗೆ ಹಾಕಲೇಬೇಕಾದ ವಸ್ತು ಎಂಬುದು ನನ್ನ ಅಭಿಪ್ರಾಯ. ಕೆಟ್ಟ ಲಿಫ್ಟರನ್ನು ಅದು ಸರಿ ಮಾಡುವುದಿಲ್ಲ.

2007–14ರ ಎಂಜಿನ್ ಆಯಿಲ್ ಕುಡಿಯುವುದಕ್ಕೂ ಹೆಸರಾಗಿದೆ. ಎಎಫ್‌ಎಂನ ರಿಲೀಫ್ ವಾಲ್ವ್ ಚಿಮ್ಮಿಸುವ ಆಯಿಲ್ ಪಿಸ್ಟನ್ನಿನ ಕಡೆಗೆ ಹೋಗಿ ರಿಂಗ್‌ಗಳಲ್ಲಿ ಮಸಿ ಕಟ್ಟುತ್ತದೆ. ಆ ವಾಲ್ವ್‌ಗೆ ತಡೆತಗಡು ಹಾಕುವುದು, ಎಡಬದಿಯ ವಾಲ್ವ್ ಕವರನ್ನು ಸುಧಾರಿಸಿದ ಮಾದರಿಗೆ ಬದಲಾಯಿಸುವುದು ಕಂಪನಿಯೇ ಹೇಳಿದ ಪರಿಹಾರ. ಇದೇ ಎಂಜಿನ್ನಿನಲ್ಲಿ ಆಯಿಲ್ ಪ್ರೆಶರ್ ಮುಳ್ಳು ದಿಢೀರನೆ ಕೆಳಗಿಳಿದರೆ ಪಂಪ್‌ಗೆ ಕೈ ಹಾಕುವ ಮೊದಲು ಇನ್‌ಟೇಕ್ ಮ್ಯಾನಿಫೋಲ್ಡ್ ಹಿಂದಿರುವ ಸೆನ್ಸರ್ ಬಿಚ್ಚಿಸಿ. ಅದರ ಕೆಳಗೆ ಬೆರಳ ತುದಿಗಿಂತ ಚಿಕ್ಕದೊಂದು ಜಾಲರಿ ಇದೆ. ಕೊಳೆ ಕಟ್ಟುವುದು ಅಲ್ಲೇ. ಸೆನ್ಸರ್, ಜಾಲರಿ ಎರಡೂ ಅಗ್ಗ.

ಆಯಿಲ್ ವಿಷಯದಲ್ಲಿ ಯಾವಾಗ ಬದಲಾಯಿಸಬೇಕೆಂದು ಡ್ಯಾಶ್‌ಬೋರ್ಡ್ ತೋರಿಸುವ ಲೆಕ್ಕ ನಂಬಿ ಕೂರಬೇಡಿ, 5,000 ಮೈಲಿಗೊಮ್ಮೆ ಬದಲಾಯಿಸಿ. 2007–14ಕ್ಕೆ 5ಡಬ್ಲ್ಯು-30 ಗ್ರೇಡಿನ ಆಯಿಲ್, 6 ಕ್ವಾರ್ಟ್. 2015–20ಕ್ಕೆ 0ಡಬ್ಲ್ಯು-20, 8 ಕ್ವಾರ್ಟ್.

5.3 ಲೀಟರ್ ಗಾಡಿಗಳಲ್ಲಿ 2009ರಿಂದ ಇರುವ ಗೇರ್‌ಬಾಕ್ಸ್ ಆರು ಗೇರಿನ ಆಟೊಮ್ಯಾಟಿಕ್ 6ಎಲ್80. ಇದರ ದುರ್ಬಲ ಜಾಗ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್. 40–50 ಮೈಲಿ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಉಬ್ಬುಪಟ್ಟಿಯ ಮೇಲೆ ಓಡಿದಂತೆ ನಡುಗಿದರೆ ಅದು ಕನ್ವರ್ಟರ್‌ನ ಲಕ್ಷಣ. ಸವೆದ ಪುಡಿ ಇಡೀ ಗೇರ್‌ಬಾಕ್ಸ್‌ಗೆ ಹರಡಿದರೆ ರೀಬಿಲ್ಡ್‌ಗೆ 3,500ರಿಂದ 5,000 ಡಾಲರ್. ಟ್ರೇಲರ್ ಎಳೆದ ಗಾಡಿಯಾದರೆ 45,000 ಮೈಲಿಗೊಮ್ಮೆ ಡೆಕ್ಸ್‌ರಾನ್ 6 ಫ್ಲೂಯಿಡ್, ಫಿಲ್ಟರ್ ಬದಲಾಯಿಸಿದ ರಸೀದಿ ಕೇಳಿ. ರಸೀದಿ ಇಲ್ಲ, ಫ್ಲೂಯಿಡ್ ಕಪ್ಪಗಿದೆ, ಸುಟ್ಟ ವಾಸನೆ ಇದೆ ಅಂದರೆ ಬಿಟ್ಟುಬಿಡಿ.

2015ರ ನಂತರದವುಗಳಲ್ಲಿ ಏಸಿ ಕಂಡೆನ್ಸರ್ ಬಿರುಕು ಬಿಟ್ಟು ಗ್ಯಾಸ್ ಸೋರುವುದು ಬಹಳ ಸಾಮಾನ್ಯ, ಗ್ಯಾಸ್ ತುಂಬಿಸುವುದೂ ಸೇರಿ ಸಾವಿರ ಡಾಲರ್ ಹತ್ತಿರ ಹೋಗುತ್ತದೆ. ವಾಟರ್ ಪಂಪ್ ಕೆಟ್ಟರೆ ಖರ್ಚು ಅದಕ್ಕಿಂತ ಕಡಿಮೆ. ಮೇಲ್ದರ್ಜೆಯ ಎಲ್‌ಟಿಝಡ್, ಪ್ರೀಮಿಯರ್‌ಗಳ ಮ್ಯಾಗ್ನೆಟಿಕ್ ಶಾಕ್‌ಗಳು ಮಾಮೂಲಿ ಶಾಕ್‌ಗಿಂತ ಹಲವು ಪಟ್ಟು ದುಬಾರಿ. ಸೋರುತ್ತಿದ್ದರೆ ಆ ಮೊತ್ತವನ್ನು ಬೆಲೆಯಲ್ಲೇ ಮುರಿಸಿಕೊಳ್ಳಿ.

2007–14ರ ಗಾಡಿಯಾದರೆ, ಸಿಡಿಯುವ ಅಪಾಯವಿರುವ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗೆ ರೀಕಾಲ್ ಇದೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಗಾಡಿಯ ಗುರುತು ಸಂಖ್ಯೆ (ವಿನ್) ಹಾಕಿದರೆ ಕೆಲಸ ಬಾಕಿ ಇದೆಯೋ ಇಲ್ಲವೋ ತಿಳಿಯುತ್ತದೆ. ಬದಲಾವಣೆ ಉಚಿತ. ಮುಂದಿನ ಸೀಟಿನಲ್ಲಿ ಯಾರನ್ನಾದರೂ ಕೂರಿಸುವ ಮೊದಲು ಅದನ್ನು ಮಾಡಿಸಿ.