ಮ್ಯೋಸಾ ಸರೋವರದ ಸ್ಕಿಬ್ಲಾಡ್ನರ್ ಉಗಿಹಡಗು

ನಾರ್ವೆಯ ಅತಿ ದೊಡ್ಡ ಸರೋವರವಾದ ಮ್ಯೋಸಾದಲ್ಲಿ 1856ರಿಂದ ಓಡಾಡುತ್ತಿರುವ ಸ್ಕಿಬ್ಲಾಡ್ನರ್ ಹಡಗನ್ನು ಹತ್ತುವವರು ದಡದ ಹಸಿರನ್ನು ನೋಡುವ ಮೊದಲು ಯಂತ್ರವನ್ನು ಗಮನಿಸಬೇಕೆಂಬುದು ನನ್ನ ಸಲಹೆ. 1888ರಲ್ಲಿ ಹಡಗನ್ನು ಉದ್ದಗೊಳಿಸಿದಾಗ ಅಳವಡಿಸಿದ ಈ ಯಂತ್ರದಲ್ಲಿ ಉಗಿಯು ಮೂರು ಹಂತಗಳಲ್ಲಿ ಹಿಗ್ಗಿ, ತನ್ನ ಶಕ್ತಿಯನ್ನು ಹೆಚ್ಚು ಬಳಕೆಗೆ ತಂದು, ಎರಡೂ ಬದಿಯ ದೊಡ್ಡ ಚಕ್ರಗಳನ್ನು ತಿರುಗಿಸುತ್ತದೆ. ಇಷ್ಟು ಹಳೆಯ ಯಂತ್ರವು ಗಾಜಿನ ಪೆಟ್ಟಿಗೆಯೊಳಗೆ ಉಳಿಯದೆ ಇಂದಿಗೂ ಪ್ರಯಾಣಿಕರನ್ನು ಹೊತ್ತು ಸಾಗುತ್ತಿರುವುದೇ ಈ ಸೇವೆಯ ನಿಜವಾದ ಮೌಲ್ಯ.

ಸ್ವೀಡನ್ನಿನ ಮೋತಾಲಾ ಕಾರ್ಖಾನೆಯಲ್ಲಿ ಸಿದ್ಧವಾದ ಈ ಹಡಗು, 1854ರಲ್ಲಿ ಐಡ್ಸ್‌ವೊಲ್‌ವರೆಗೆ ಬಂದ ನಾರ್ವೆಯ ಮೊದಲ ರೈಲುಮಾರ್ಗವನ್ನು ಸರೋವರದ ದಡದ ಹಾಮಾರ್, ಯ್ಯೋವಿಕ್, ಲಿಲ್ಲೆಹಾಮರ್ ಊರುಗಳೊಂದಿಗೆ ಬೆಸೆಯಿತು. ಪ್ರಾಚೀನ ಸ್ಕ್ಯಾಂಡಿನೇವಿಯಾದ ಪುರಾಣದಲ್ಲಿ ಬರುವ ಫ್ರೇಯರ್ ದೇವತೆಯ, ಬಟ್ಟೆಯಂತೆ ಮಡಚಿಡಬಹುದಾದ ಹಡಗೇ ಇದರ ಹೆಸರಿಗೆ ಮೂಲ. 1937ರಲ್ಲಿಯೂ 1967ರಲ್ಲಿಯೂ ಲಂಗರು ಹಾಕಿದ್ದಲ್ಲಿಯೇ ಮುಳುಗಿದಾಗ ಗುಜರಿಗೆ ಹಾಕದೆ ಮೇಲೆತ್ತಿ ದುರಸ್ತಿಮಾಡಿದವರಿಗೆ ನಾವು ಋಣಿಗಳಾಗಿರಬೇಕು. 2006ರಲ್ಲಿ ಇದಕ್ಕೆ ಸಂರಕ್ಷಿತ ಸ್ಮಾರಕದ ಸ್ಥಾನ ದೊರೆಯಿತು.

ಇಂಧನವಾಗಿ ಕಲ್ಲಿದ್ದಲಿನ ಜಾಗಕ್ಕೆ ಎಣ್ಣೆ ಬಂದಿರುವುದು ನನಗೆ ಕೊರತೆಯೆನಿಸದು. ಹಡಗಿನಲ್ಲಿ ಮಾಂಸಾಹಾರಿಗಳು ಬೇಯಿಸಿದ ಸಾಲ್ಮನ್ ಮೀನನ್ನೂ, ಎಲ್ಲರೂ ಸ್ಟ್ರಾಬೆರಿಯನ್ನೂ ಸವಿಯಬಹುದು. ಸಂಚಾರವು ಬೇಸಿಗೆಯಲ್ಲಿ ಮಾತ್ರವಿರುವುದರಿಂದ ಪ್ರವಾಸವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು.