ಟಿಎಂವಿ-2 ಮತ್ತು ಜಿಪಿಬಿಡಿ-4: ಒಂದೇ ಹೊಲದಲ್ಲಿ ಎರಡು ಶೇಂಗಾ

ಚಳ್ಳಕೆರೆ ಕಡೆ ಬಹಳ ಜನ ಕಣ್ಣು ಮುಚ್ಚಿಕೊಂಡು ಬಿತ್ತುವ ಶೇಂಗಾ ಟಿಎಂವಿ-2. ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಬಂದ ತಳಿ. ನಮ್ಮ ಮಸಾರಿ ಹೊಲದಲ್ಲಿ ಒಂದೇ ಬದುವಿನ ಆಚೆ ಈಚೆ ಇದನ್ನೂ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿಯನ್ನೂ ಬಿತ್ತಿ ನೋಡಿದೆ. ಗೊಬ್ಬರ, ಜಿಪ್ಸಂ, ಎಡೆಕುಂಟೆ ಎಲ್ಲ ಒಂದೇ. ಎಲೆರೋಗಕ್ಕೆ ಮಾತ್ರ ಬೇಕಂತಲೇ ಯಾವುದಕ್ಕೂ ಔಷಧಿ ಹೊಡೆಯಲಿಲ್ಲ.

ಮೊದಲ ಎರಡು ತಿಂಗಳು ಎರಡೂ ಒಂದೇ ಥರ. ಜಡಿಮಳೆ ಹಿಡಿದ ಮೇಲೆ ಬಣ್ಣ ಬಯಲಾಯಿತು. ಟಿಎಂವಿ ಎಲೆಯನ್ನು ಮಗುಚಿದರೆ ಅಡಿಯಲ್ಲಿ ಕಪ್ಪು ಚುಕ್ಕೆ, ಪಕ್ಕದಲ್ಲಿ ಇಟ್ಟಿಗೆ ಬಣ್ಣದ ಪುಡಿ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಎಲೆಚುಕ್ಕೆ, ತುಕ್ಕು ಎರಡೂ ಒಟ್ಟಿಗೆ ಬಂದಿದ್ದವು. ಕೀಳುವ ಹೊತ್ತಿಗೆ ಗಿಡದ ತುದಿಯಲ್ಲಷ್ಟೇ ಹಸಿರು ಉಳಿದಿತ್ತು. ಜಿಪಿಬಿಡಿಯಲ್ಲೂ ಚುಕ್ಕೆ ಇತ್ತು. ಆದರೆ ಸಾಸಿವೆ ಕಾಳಿನಷ್ಟು ಸಣ್ಣದು, ಎಲೆ ಉದುರಲಿಲ್ಲ. ಹಸಿರು ಬಳ್ಳಿ ದನಗಳಿಗೆ ಒಳ್ಳೆ ಮೇವಾಯಿತು.

ಈ ಶಕ್ತಿ ಎಲ್ಲಿಂದ ಬಂತು ಅನ್ನೋದು ನನಗೆ ಇಳುವರಿಗಿಂತ ಜಾಸ್ತಿ ಹಿಡಿಸಿದ ವಿಷಯ. ಶೇಂಗಾ ಹುಟ್ಟಿದ್ದೇ ಬೆರಕೆಯಿಂದ. ಸುಮಾರು 10,000 ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ಎರಡು ಕಾಡು ಜಾತಿ ಕೂಡಿದವು. ಒಂದೊಂದರಲ್ಲೂ 20 ಕ್ರೋಮೋಸೋಮ್, ಅಂದರೆ ಗುಣಗಳನ್ನು ಹೊತ್ತ ಎಳೆಗಳು. ಕೂಡಿ ಹುಟ್ಟಿದ ಗಿಡದಲ್ಲಿ ಅವು ಇಮ್ಮಡಿಯಾಗಿ 40 ಆದವು. ಅಲ್ಲಿಗೆ ಬಾಗಿಲು ಮುಚ್ಚಿತು. 20ರ ಕಾಡು ನೆಂಟರ ಜೊತೆ 40ರ ಶೇಂಗಾ ಸುಲಭಕ್ಕೆ ಕೂಡುವುದಿಲ್ಲ. ಹಾಗಾಗಿ ಜಗತ್ತಿನ ಶೇಂಗಾ ತಳಿಗಳೆಲ್ಲ ಹತ್ತಿರದ ದಾಯಾದಿಗಳು, ರೋಗ ಬಂದರೆ ತಡೆಯುವ ಗುಣ ಇವುಗಳಲ್ಲಿ ಕಡಿಮೆ.

ಆ ಬಾಗಿಲನ್ನು ವಿಜ್ಞಾನಿಗಳು ಕಷ್ಟಪಟ್ಟು ತೆರೆದರು. ಬೊಲಿವಿಯಾದ ಕಾಡು ಶೇಂಗಾ ಅರಾಕಿಸ್ ಕಾರ್ಡೆನಾಸಿಯ ಜೊತೆ ಕೂಡಿಸಿದರೆ ಎರಡರ ಅರ್ಧರ್ಧ ಸೇರಿ 30 ಕ್ರೋಮೋಸೋಮಿನ ಬಂಜೆ ಗಿಡ ಬರುತ್ತದೆ. ಕ್ರೋಮೋಸೋಮ್ ಇಮ್ಮಡಿ ಮಾಡುವ ಕಾಲ್ಚಿಸಿನ್ ಎಂಬ ರಾಸಾಯನಿಕ ಕೊಟ್ಟು ಅದನ್ನು 60 ಮಾಡಿದರು. ಮುಂದಿನ ಪೀಳಿಗೆಗಳಲ್ಲಿ ಹೆಚ್ಚುವರಿ ಕ್ರೋಮೋಸೋಮ್ ಕಳಚಿ, ಮತ್ತೆ 40ಕ್ಕೆ ಇಳಿದ ಗಿಡಗಳನ್ನು ಆರಿಸಿದರು. ಕಾಡಿನ ಒಂದಿಷ್ಟು ತುಂಡು ಒಳಗೇ ಉಳಿದುಕೊಂಡಿತು. ಅಂಥ ಗಿಡಗಳ ಒಂದು ವಂಶವನ್ನು ಕೆಆರ್‌ಜಿ-1 ತಳಿಗೆ ಕೂಡಿಸಿ ಪಡೆದದ್ದೇ ಜಿಪಿಬಿಡಿ-4. ನನ್ನ ಹೊಲದ ಹಸಿರು ಎಲೆಯ ಹಿಂದೆ ಇಷ್ಟೆಲ್ಲ ದುಡಿಮೆ ಇದೆ.

"ಬೆರಕೆ ತಳಿ ಅಂದ್ರೆ ಹೈಬ್ರಿಡ್ ಥರ ವರ್ಷಾ ವರ್ಷ ಬೀಜ ಕೊಳ್ಳಬೇಕಲ್ಲಣ್ಣಾ?" ಅಂತ ಪಕ್ಕದ ಹೊಲದ ಹುಡುಗ ಕೇಳಿದ. ಬೇಡ. ದಾವಣಗೆರೆ ಕಡೆಯ ಹೈಬ್ರಿಡ್ ಮೆಕ್ಕೆಜೋಳದ ಬೀಜ ಇಟ್ಟು ಬಿತ್ತಿದರೆ ಗುಣ ಚೆದುರಿ ಇಳುವರಿ ಕುಸಿಯುತ್ತದೆ. ಶೇಂಗಾ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಜಿಪಿಬಿಡಿ ಗುಣ ನಿಂತ ತಳಿ. ಒಳ್ಳೆ ಗಿಡ ಆರಿಸಿ, ಕಾಯಿ ಸಮೇತ ಒಣಗಿಸಿಟ್ಟರೆ ಸಾಕು.

ಆದರೂ ಟಿಎಂವಿಯನ್ನು ಬಿಡು ಅಂತ ಯಾರಿಗೂ ಹೇಳಲಾರೆ. ನಮ್ಮ ಹೊಲದಲ್ಲಿ ಅದು ಬೇಗ ಮಾಗುತ್ತದೆ. ಉತ್ತರೆ ಮಳೆ ಕೈಕೊಟ್ಟ ವರ್ಷ ಜಿಪಿಬಿಡಿ ಹಸಿರಾಗಿ ನಿಂತಿದ್ದರೂ ಕಾಯಿ ಸೊರಗಿದ್ದವು, ಟಿಎಂವಿ ಅಷ್ಟರಲ್ಲಿ ಕಾಯಿ ತುಂಬಿಸಿಕೊಂಡಿತ್ತು. ಮಳೆ ಚೆನ್ನಾಗಿದ್ದ ವರ್ಷ ಮಾತ್ರ ಜಿಪಿಬಿಡಿಯೇ ಸರಿಯಾಗಿ ಮುಂದೆ. ಮಂಡಿಯಲ್ಲಿ ದಲಾಲರು ಹಿಡಿ ಕಾಯಿ ಒಡೆದು ನೋಡಿದಾಗ ಸಿಪ್ಪೆ ತೆಳು, ಕಾಳು ಗಟ್ಟಿ ಅಂತ ದರ ಏರಿಸಿದರು. ಬುಡಕೊಳೆ ರೋಗಕ್ಕೆ ಎರಡೂ ಒಂದೇ ಥರ ಬಿದ್ದವು. ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಬೀಜೋಪಚಾರ ಎರಡಕ್ಕೂ ಬೇಕೇ ಬೇಕು.

ಕೊನೆಗೆ ಒಂದೆರಡು ನೀರು ಕೊಡಲು ಬೋರ್‌ವೆಲ್ ಇರುವ ತುಂಡಿಗೆ ಈ ಸಲ ಜಿಪಿಬಿಡಿ. ಮಳೆಯನ್ನೇ ನಂಬಿದ ದಿಬ್ಬದ ತುಂಡಿಗೆ ಟಿಎಂವಿ.